ಮಾಲೀಕರ ಸಂಘದ ರಸೀದಿ ಹರಿಸುವ ಮುಂಚೆ

ತಮ್ಮಾ,

ನಿಮ್ಮಪ್ಪ ತಿಕೋಟಾದ ತೋಟದ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ, ತಾಸಗಾಂವ, ಸಾಂಗ್ಲಿ ಪೇಟೆಗೆ ಕಳಿಸಿ, ಬಂದ ದುಡ್ಡಿಗೆ ದುಡ್ಡು ಕೂಡಿಸಿ ವಿಜಯಪುರದಲ್ಲಿ ಈ ಮನೆ ಎಬ್ಬಿಸಿದ. ಕೆಳಗೆ ನೀವಿದ್ದೀರಿ. ಮಾಳಿಗೆಯ ಮೇಲಿನ ಎರಡು ಮನೆ ಈ ವರ್ಷ ಮೊದಲ ಸಲ ಬಾಡಿಗೆಗೆ ಹೋಗಬೇಕು. ಅದರ ಜೊತೆಗೆ ಗಾಂಧಿ ಚೌಕದ ಹತ್ತಿರದ ನಮ್ಮ ಅಜ್ಜನ ಕಾಲದ ಸಣ್ಣ ಅಂಗಡಿ, ಅದರಲ್ಲಿ ನೀನು ಹುಟ್ಟುವ ಮೊದಲಿನಿಂದ ಕೂತ ಹೊಲಿಗೆಯವರು, ಇವೂ ಈಗ ನಿನ್ನ ಪಾಲಿಗೆ ಬಂದಿವೆ. ಮಾಲೀಕರ ಸಂಘದ ಹೆಸರಿನಲ್ಲಿ ಇಬ್ಬರು ರಸೀದಿ ಪುಸ್ತಕ ಹಿಡಿದು ಬಂದಿದ್ದರು, ಇನ್ನೊಂದು ಗುಂಪಿನವರು ಕೇಳದೆಯೇ ವಾಟ್ಸಾಪ್‌ಗೆ ಸೇರಿಸಿಕೊಂಡಿದ್ದಾರೆ, ಯಾವುದಕ್ಕೆ ವರ್ಗಣಿ ಕೊಡಲಿ ಕಾಕಾ ಎಂದು ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಬಾಡಿಗಿ ಮಂದಿನ್ನ ಎಬ್ಬಿಸಿ ಕೊಡ್ತೀವಿ" ಎನ್ನುವ ಸಂಘದ ಹತ್ತಿರ ಹೋಗಬೇಡ. ನೀನು ದುಡುಕಿದಾಗ "ಹಂಗ ಮಾಡಬ್ಯಾಡ, ಕಾಯ್ದೆ ಒಪ್ಪೂದಿಲ್ಲ" ಎಂದು ನಿನಗೇ ಹೇಳುವ ಎದೆ ಯಾವ ಸಂಘಕ್ಕಿದೆಯೋ ಅದಕ್ಕೆ ಸೇರು. ಉಳಿದ ಮಾತೆಲ್ಲ ಇದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದರ ಬಗ್ಗೆ.

ನಮ್ಮ ಊರಿನ ಹಳೇ ಮಾಲೀಕರಿಗೆ ಬಾಡಿಗೆದಾರ ಅಂದರೆ ಒಂದು ಭಯ ಇದೆ. ಆ ಭಯ ಎಲ್ಲಿಂದ ಬಂತು ಅಂತ ತಿಳಿದುಕೊ, ಯಾಕೆಂದರೆ ರಸೀದಿ ಪುಸ್ತಕದವರ ಬಂಡವಾಳವೇ ಆ ಭಯ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಅಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಏಕೀಕರಣದ ನಂತರ 1961ರ ನಮ್ಮ ರಾಜ್ಯದ ಕಾಯ್ದೆ ಬಂತು. ಎರಡರ ಉದ್ದೇಶವೂ ಒಳ್ಳೆಯದೇ ಇತ್ತು: ಮನೆ ಕಡಿಮೆ, ಜನ ಹೆಚ್ಚು ಇದ್ದ ಕಾಲದಲ್ಲಿ ಮಾಲೀಕ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸಬಾರದು, ರಾತ್ರೋರಾತ್ರಿ ಯಾರನ್ನೂ ಬೀದಿಗೆ ಹಾಕಬಾರದು. ಆದರೆ ವರ್ಷ ಕಳೆದಂತೆ ಸಾಮಾನಿನ ಬೆಲೆ ಏರಿತು, ಕೂಲಿ ಏರಿತು, ಘರಪಟ್ಟಿ ಏರಿತು, ಬಾಡಿಗೆ ಮಾತ್ರ ಇದ್ದಲ್ಲೇ ನಿಂತಿತು. ಎಷ್ಟೋ ಮಾಲೀಕರು ಛಾವಣಿ ಸೋರಿದರೂ ದುರಸ್ತಿ ಮಾಡಿಸಲಿಲ್ಲ, ಎಷ್ಟೋ ಮಂದಿ ಮನೆ ಬೀಗ ಹಾಕಿ ಇಟ್ಟರೇ ಹೊರತು ಬಾಡಿಗೆಗೆ ಕೊಡಲಿಲ್ಲ. ಪೇಟೆಯ ಹಳೇ ಅಂಗಡಿಗಳ ಜಗಳದ ಬೇರು ಅಲ್ಲಿದೆ.

ಈಗಿನ ಸ್ಥಿತಿ ಬೇರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆ ಕಾಯ್ದೆ ತನ್ನ ವ್ಯಾಪ್ತಿಗೆ ತಾನೇ ಒಂದು ಮಿತಿ ಹಾಕಿಕೊಂಡಿದೆ: ಪ್ರದೇಶ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕಟ್ಟಡಕ್ಕೆ ಅದು ಅನ್ವಯಿಸುವುದಿಲ್ಲ. ವ್ಯಾಪಾರದ ಜಾಗವಾದರೆ 14 ಚದರ ಮೀಟರ್ ಮೀರಿದ್ದು ಹೊರಗೆ. ಅಷ್ಟರೊಳಗಿನ ಸಣ್ಣ ಅಂಗಡಿ, ಬಾಡಿಗೆಯೂ ಮಿತಿಯೊಳಗಿದ್ದರೆ ಕಾಯ್ದೆಯ ಒಳಗೆ. ಇದನ್ನು ನಿನ್ನ ಆಸ್ತಿಗೆ ಹಚ್ಚಿ ನೋಡು. ಮಾಳಿಗೆಯ ಮೇಲಿನ ಎರಡೂ ಮನೆಗೆ ಈಗಿನ ದರದಲ್ಲಿ ಬಾಡಿಗೆ ಆ ಮಿತಿ ದಾಟುತ್ತದೆ. ಅವುಗಳಿಗೆ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀನು ಬರೆಸುವ ಕರಾರು. ಹೊಲಿಗೆಯವರ ಅಂಗಡಿ ಮಾತ್ರ ಒಂದು ಮಶೀನು, ಒಂದು ಕಟಿಂಗ್ ಟೇಬಲ್ಲು, ಒಂದು ಬಾಕು ಹಿಡಿಸುವಷ್ಟು ಜಾಗ. ಬಾಡಿಗೆಯೋ ನಮ್ಮಪ್ಪ ಗೊತ್ತು ಮಾಡಿದ್ದು. ಅದು ಬಾಡಿಗೆ ಕಾಯ್ದೆಯ ಒಳಗೆ ಬರುವ ಅಂಗಡಿ. ಒಂದೇ ಮಾಲೀಕನ ಎರಡು ಆಸ್ತಿಗೆ ಎರಡು ಕಾಯ್ದೆ. ಇಷ್ಟು ತಿಳಿಯದೆ ನಿನಗೆ ಸಲಹೆ ಕೊಡಲು ಬಂದವರನ್ನು ನಂಬಬೇಡ.

ಹಾಗಾಗಿ ಸಂಘದವರು ಮತ್ತೆ ಬಂದಾಗ ಚಹಾ ಕೊಟ್ಟು ಕೂರಿಸಿ, ಮೊದಲು ಕೇಳುವ ಪ್ರಶ್ನೆ ಇದೇ ಇರಲಿ: "ನನ್ನ ಅಂಗಡಿಗೆ ಯಾವ ಕಾಯ್ದೆ ಹತ್ತತೈತ್ರಿ, ಮಾಳಿಗಿ ಮನಿಗೆ ಯಾವುದು ಹತ್ತತೈತ್ರಿ?" ಗೊತ್ತಿರುವವರು ಮೊದಲು ಅಂಗಡಿಯ ಅಳತೆ ಕೇಳುತ್ತಾರೆ, ಬಾಡಿಗೆ ಎಷ್ಟು ಎನ್ನುತ್ತಾರೆ, ಹಳೇ ಕಾಗದ ಇದೆಯಾ ಎನ್ನುತ್ತಾರೆ. ಗೊತ್ತಿಲ್ಲದವರು ತಮಗೆ ಯಾರ್‍ಯಾರ ಪರಿಚಯ ಇದೆ ಅಂತ ಹೇಳಲು ಶುರು ಮಾಡುತ್ತಾರೆ. ಯಾವ ಠಾಣೆಯಲ್ಲಿ ಯಾರು ತಮ್ಮವರು, ಯಾವ ಮುಖಂಡರ ಜೊತೆ ತಮ್ಮ ಊಟ. ಆ ಮಾತು ಬಂದರೆ ಚಹಾ ಮುಗಿಸಿ ಕಳಿಸಿಕೊಡು.

ಹೊಲಿಗೆಯವರನ್ನು ಮೂರು ತಿಂಗಳಲ್ಲಿ ಖಾಲಿ ಮಾಡಿಸಿ ಕೊಡುತ್ತೇವೆ ಅಂತ ಅವರು ಹೇಳಿದ್ದಾಗಿ ನೀನು ಹೇಳಿದೆ. ಹೇಗೆ ಅಂತ ಕೇಳಿದೆಯಾ? ಕರೆಂಟ್ ಕಡಿದು, ಬೀಗ ಜಡಿದು, ನಾಲ್ಕು ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿ. ಇನ್ನೊಂದು ದಾರಿ ಅವರ ಹತ್ತಿರ ಇಲ್ಲ. ಹಾಗೆ ಹೊರಗೆ ಹಾಕಿಸಿಕೊಂಡವರಿಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಆರು ತಿಂಗಳೊಳಗೆ ದಾವೆ ಹಾಕಿದರೆ ನ್ಯಾಯಾಲಯ ಆಸ್ತಿ ಯಾರದ್ದು ಎಂಬ ಪ್ರಶ್ನೆಗೇ ಹೋಗುವುದಿಲ್ಲ. ಇವರ ಸ್ವಾಧೀನದಲ್ಲಿತ್ತೇ, ಕಾನೂನಿನ ದಾರಿ ಬಿಟ್ಟು ಕಿತ್ತುಕೊಂಡರೇ, ಇಷ್ಟೇ ನೋಡಿ ಜಾಗ ತಿರುಗಿ ಕೊಡಿಸುತ್ತದೆ. ಉತಾರ ನಿನ್ನ ಹೆಸರಿನಲ್ಲಿದ್ದರೂ ಅದು ಅಲ್ಲಿ ನಿನ್ನ ಕೈ ಹಿಡಿಯುವುದಿಲ್ಲ. ಮೇಲೆ ಫೌಜುದಾರಿ ಕೇಸು ಬಿದ್ದರೆ ಅದರ ಓಡಾಟ ನಿನ್ನದು. ಸಂಘದವರ ಹೆಸರು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಕಾಯ್ದೆಯ ದಾರಿ ಉದ್ದ, ಆದರೆ ಅದು ದಾರಿ. ಅಂಗಡಿಯಂಥ ಜಾಗಕ್ಕೆ ಬಾಡಿಗೆ ಕಾಯ್ದೆಯ 27ನೇ ಕಲಂ ಕಾರಣಗಳನ್ನು ಕೊಟ್ಟಿದೆ. ಬಾಕಿಗೆ ನೋಟಿಸು ಕೊಟ್ಟ ಮೇಲೂ ಎರಡು ತಿಂಗಳಲ್ಲಿ ಕಟ್ಟದಿದ್ದರೆ, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟರೆ, ನಿನಗೇ ನಿಜವಾಗಿ ಜಾಗ ಬೇಕಾದರೆ, ಇಂಥ ಕಾರಣ ತೋರಿಸಿ ಕೋರ್ಟಿಗೆ ಹೋಗಬೇಕು. ಮಾಳಿಗೆಯ ಮನೆಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ: ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಯಾದರೆ 15 ದಿನದ ಲಿಖಿತ ನೋಟಿಸು. ನೋಟಿಸಿನ ಅವಧಿ ಮುಗಿದರೂ ಹೋಗದಿದ್ದರೆ ದಾವೆ. ಬಾಯಿಮಾತಿನಲ್ಲಿ "ಈ ತಿಂಗಳ ಖಾಲಿ ಮಾಡ್ರಿ" ಎಂದು ಬಾಗಿಲಲ್ಲಿ ನಿಂತು ಕೂಗುವುದು ನೋಟಿಸು ಅಲ್ಲ.

ಹೊಲಿಗೆಯವರ ವಿಷಯದಲ್ಲಿ ಇನ್ನೊಂದು ಮಾತು. ಅವರು ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಮುಂಗಡ ತಂದುಕೊಟ್ಟವರು ಅವರು. ಬಾಡಿಗೆ ಕಡಿಮೆ ಎಂಬುದು ನಿಜ, ಅದು ಅವರಿಗೂ ಗೊತ್ತು. ಹತ್ತಿರದ ಎಲ್.ಬಿ.ಎಸ್. ಮಾರ್ಕೆಟ್‌ನ ಕಡೆ ಅಂಥದೇ ಅಂಗಡಿಗೆ ಎಷ್ಟಿದೆ ಎಂದು ನಾಲ್ಕು ಕಡೆ ವಿಚಾರಿಸಿ, ಅವರೊಂದಿಗೆ ಕೂತು, ವರ್ಷವರ್ಷಕ್ಕೆ ಸ್ವಲ್ಪ ಸ್ವಲ್ಪ ಏರುವ ಹಾಗೆ ಕಾಗದ ಮಾಡಿಕೊ. ಮಾಡಿಕೊಳ್ಳುವ ಮೊದಲು ಒಬ್ಬ ವಕೀಲರಿಗೆ ತೋರಿಸು, ಯಾಕೆಂದರೆ ಬಾಡಿಗೆ ಏರಿದರೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬ ಲೆಕ್ಕವೂ ಬದಲಾಗಬಹುದು. ಅದನ್ನು ಅವರಿಗೂ ಮುಚ್ಚುಮರೆ ಇಲ್ಲದೆ ಹೇಳು.

ಇನ್ನು ಸಂಘದ ಕಾಗದಪತ್ರ. ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗುತ್ತವೆ. ಏಳು ಮಂದಿ ಕೂಡಿದರೆ ಸಂಘ ಕಟ್ಟಬಹುದು, ಹಾಗಾಗಿ ನೋಂದಣಿ ಇದೆ ಎಂಬುದೊಂದೇ ದೊಡ್ಡ ಯೋಗ್ಯತೆ ಅಲ್ಲ. ಇಲ್ಲ ಎಂಬುದು ಮಾತ್ರ ದೊಡ್ಡ ಕೊರತೆ. ನೋಂದಣಿ ಪತ್ರದ ನಕಲು ಕೇಳು. ಬೈಲಾ ಕೇಳು, ಮನೆಗೆ ತಂದು ಪೂರ್ತಿ ಓದು. ಸದಸ್ಯನಾದವನಿಗೆ ಮತ ಇದೆಯೋ, ವರ್ಗಣಿ ಕೊಡುವುದಷ್ಟೇ ಅವನ ಕೆಲಸವೋ ಎಂಬುದು ಅದರಲ್ಲಿ ಇರುತ್ತದೆ. ಸದಸ್ಯತ್ವ ಬಿಡಬೇಕಾದರೆ ಏನು ಕ್ರಮ, ಪದಾಧಿಕಾರಿಗಳ ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಬ್ಯಾಂಕ್ ಖಾತೆಗೆ ಸಹಿ ಯಾರ್‍ಯಾರದ್ದು, ಇವೂ ಇರುತ್ತವೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಆಗಲೇಬೇಕು, ಅದಾದ ಮೇಲೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಜಮಾ-ಖರ್ಚಿನ ತಃಖ್ತೆಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. "ಹೋದ ವರ್ಷದ ಜಮಾ-ಖರ್ಚು ಒಮ್ಮೆ ತೋರಿಸ್ರಿ" ಎಂದರೆ ಮುಖ ಗಂಟಿಕ್ಕುವವರ ಕೈಗೆ ನಿಮ್ಮಪ್ಪನ ದುಡ್ಡು ಕೊಡಬೇಡ. ಆ ತಃಖ್ತೆಯಲ್ಲಿ ನೋಡಬೇಕಾದದ್ದು ಮೊತ್ತ ದೊಡ್ಡದೋ ಸಣ್ಣದೋ ಎಂಬುದಲ್ಲ. ಖರ್ಚು ಎಲ್ಲಿಗೆ ಹೋಗಿದೆ ನೋಡು. ವಕೀಲರ ಸಲಹೆಗೆ, ಅಂಚೆಗೆ, ಪಾಲಿಕೆಗೆ ಕೊಟ್ಟ ಮನವಿಗೆ, ಸದಸ್ಯರ ತಿಳಿವಳಿಕೆ ಸಭೆಗೆ ಹೋಗಿದ್ದರೆ ಸರಿ. ಹಾರ, ಶಾಲು, ಫ್ಲೆಕ್ಸು, ಸತ್ಕಾರಕ್ಕೇ ಬಹುಪಾಲು ಹೋಗಿದ್ದರೆ ಅದು ಯಾರದೋ ಚುನಾವಣೆಯ ತಯಾರಿ.

ಆಡಳಿತ ಮಂಡಳಿಯಲ್ಲಿ ದಲ್ಲಾಳಿಗಳು ಎಷ್ಟಿದ್ದಾರೆ ನೋಡು. ದಲ್ಲಾಳಿ ಕೆಲಸ ಕೀಳಲ್ಲ. ಆದರೆ ಮನೆ ಖಾಲಿಯಾದಷ್ಟೂ ಅವರಿಗೆ ಕಮಿಷನ್. ಒಂದೇ ಬಾಡಿಗೆದಾರ ಹತ್ತು ವರ್ಷ ನೆಮ್ಮದಿಯಿಂದ ಇರುವುದು ನಿನಗೆ ಲಾಭ, ಅವರಿಗೆ ಅಲ್ಲ. ಸಂಘದ ತೀರ್ಮಾನ ಆ ಕಡೆ ವಾಲಿದರೆ ನಿನಗೆ ಅರ್ಥವಾಗುವ ಹೊತ್ತಿಗೆ ಮೂರು ಬಾಡಿಗೆದಾರರು ಬದಲಾಗಿರುತ್ತಾರೆ. ಮತ್ತೊಂದು: ಸಂಘದ ಕಾರ್ಯದರ್ಶಿ ಎಷ್ಟೇ ಬಲ್ಲವರಾದರೂ ಕೋರ್ಟಿನಲ್ಲಿ ನಿನ್ನ ಪರ ನಿಂತು ವಾದಿಸಲು ವಕೀಲರೇ ಬೇಕು. "ಕೋರ್ಟಿಂದು ಎಲ್ಲಾ ನಾವ ನೋಡ್ಕೋತೀವಿ" ಎಂದವರನ್ನು, ಯಾವ ವಕೀಲರು, ಅವರ ಫೀ ಯಾರು ಕೊಡುವುದು ಅಂತ ಅಲ್ಲೇ ಕೇಳು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಬೈಲಾದಲ್ಲಿ ಇರದ, ಕಟ್ಟೆಯ ಮೇಲೆ ಮಾತ್ರ ಆಡುವ ನಿಯಮಗಳು ಕೆಲವು ಸಂಘಗಳಲ್ಲಿ ಇರುತ್ತವೆ. ಇಂಥ ಜಾತಿಯವರಿಗೆ ಮನೆ ಬೇಡ, ಇಂಥ ಧರ್ಮದವರಿಗೆ ಬೇಡ, ಒಂಟಿ ಹೆಣ್ಣುಮಗಳಿಗೆ ಬೇಡ. ನಿನ್ನನ್ನು ಸೇರಿಸಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಬಂದಿದೆ ಎಂದು ನೀನೇ ಹೇಳಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಕೂತು ಈ ಮಾತು ಆಡುತ್ತಾರೆ ಎಂದರೆ ನನಗೆ ಸಂಕಟವಾಗುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಹಿಷ್ಕಾರ, ಅದಕ್ಕೆ ಶಿಕ್ಷೆ ಇದೆ. ಕಾಯ್ದೆ ಇರಲಿ ಬಿಡಲಿ, ಮನೆ ಕೇಳಿಕೊಂಡು ಬಂದ ಮನುಷ್ಯನನ್ನು ಅಡ್ಡಹೆಸರು ಕೇಳಿ ಬಾಗಿಲಿಂದ ತಿರುಗಿಸಿ ಕಳಿಸುವ ಕೆಲಸ ನಮ್ಮ ಮನೆತನದವರು ಮಾಡಬಾರದು. ಬಾಡಿಗೆ ಕಟ್ಟುವ ಶಕ್ತಿ ಇದೆಯೇ, ಹಿಂದೆ ಇದ್ದ ಮನೆಯಲ್ಲಿ ಹೇಗಿದ್ದರು, ಎಷ್ಟು ಮಂದಿ ಇರುತ್ತಾರೆ, ಇಷ್ಟು ವಿಚಾರಿಸುವ ಹಕ್ಕು ನಿನಗಿದೆ. ಅದಕ್ಕಿಂತ ಆಚೆ ಇಲ್ಲ. ಆ ಗುಂಪಿನಿಂದ ಇವತ್ತೇ ಹೊರಗೆ ಬಾ. ಬಾಡಿಗೆದಾರರ ಆಧಾರ್ ಕಾರ್ಡಿನ ಫೋಟೋ ಹಾಕಿ "ಇವರಿಗೆ ಮನಿ ಕೊಡಬ್ಯಾಡ್ರಿ" ಎಂದು ಹಂಚುವವರ ಜೊತೆ ನಿನ್ನ ನಂಬರೂ ಇರಬಾರದು.

ಬಾಡಿಗೆ ಮನೆಯಲ್ಲಿ ಇರುವವರು ಎಂದರೆ ಯಾರು ಎಂಬುದನ್ನು ನಮ್ಮ ಊರು ಬಲ್ಲದು. ಫ.ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ, ವಕೀಲರಾಗಿ ಇಲ್ಲಿಗೆ ಬಂದವರು. ಈಗ ಸಾವಿರಾರು ಮಕ್ಕಳು ಓದುವ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ ಅವರ ಮುಂದಾಳುತನದಲ್ಲಿ ಶುರುವಾಯಿತು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ತಾಳೆಗರಿಯಲ್ಲಿ ಕೊಳೆಯುತ್ತಿದ್ದ ವಚನಗಳನ್ನು ಊರೂರು ಅಲೆದು ಕೂಡಿಸಿ, ಅವನ್ನು ಅಚ್ಚು ಹಾಕಲು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಮನೆ ಮಾರಿದ ಮೇಲೆ ಆ ಹಿರಿಯರು ಇದ್ದದ್ದು ಬಾಡಿಗೆ ಮನೆಯಲ್ಲಿ. ಈಗಲೂ ನಿನ್ನ ಮನೆ ಕೇಳಲು ಬರುವವರು ಯಾರು? ಪೊಲೀಸ್ ಪರೀಕ್ಷೆಗೆ, ಪಿ.ಡಿ.ಓ. ಪರೀಕ್ಷೆಗೆ ಓದಲು ಸಿಂದಗಿ, ಇಂಡಿಯಿಂದ ಬಂದ ಹುಡುಗರು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು. ವರ್ಗವಾಗಿ ಬಂದ ಮಾಸ್ತರರು, ನರ್ಸಮ್ಮಂದಿರು. ಬಬಲೇಶ್ವರದ ಹೊಲದಲ್ಲಿ ದುಡಿದು ಮಗನ ಸೈನಿಕ ಶಾಲೆಯ ಕೋಚಿಂಗಿಗಾಗಿ ಒಂದು ಖೋಲಿ ಹಿಡಿಯುವ ತಾಯಂದಿರು. ಇವರಲ್ಲಿ ಯಾರ ಮೇಲೆ ಸಂಘ ಕಟ್ಟಿಕೊಂಡು ಯುದ್ಧಕ್ಕೆ ನಿಲ್ಲಬೇಕು ನೀನು?

ಹಾಗಾದರೆ ಸಂಘ ಬೇಡವೇ ಎಂದರೆ, ಬೇಕು. ಒಬ್ಬನ ಕೈಯಲ್ಲಿ ಆಗದ ಕೆಲಸ ಬಹಳ ಇವೆ. ನಮ್ಮ ಊರಿಗೆ ನೀರು ಬರುವುದು ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಮತ್ತು ಭೂತನಾಳ ಕೆರೆಯಿಂದ. ಬೇಸಿಗೆಯಲ್ಲಿ ಓಣಿಗೆ ನೀರು ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಬಾಡಿಗೆದಾರ ಇರುವುದೂ ಬಿಡುವುದೂ ನಿಂತಿದೆ. ನೀನೊಬ್ಬ ಮಹಾನಗರ ಪಾಲಿಕೆಗೆ ಅರ್ಜಿ ಕೊಟ್ಟರೆ ಅದು ಒಂದು ಅರ್ಜಿ; ನೂರು ಮನೆಯವರು ಕೂಡಿ, ದಿನಾಂಕ ಹಾಕಿ, ಸ್ವೀಕೃತಿ ಪಡೆದು ಕೊಟ್ಟರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಒಳಚರಂಡಿ, ಹೆಸ್ಕಾಂ ಮೀಟರು, ಘರಪಟ್ಟಿಯ ಲೆಕ್ಕದ ತಪ್ಪು ಎಲ್ಲವೂ ಹೀಗೇ. ಏಪ್ರಿಲ್ ತಿಂಗಳಲ್ಲೇ ಘರಪಟ್ಟಿ ತುಂಬಿದರೆ ಶೇ. 5 ರಿಯಾಯಿತಿ ಇದೆ ಎಂದು ಮಾರ್ಚ್‌ನಲ್ಲೇ ನೆನಪಿಸುವ ಸಂಘ ವರ್ಷದ ವರ್ಗಣಿಯನ್ನು ಅಲ್ಲಿಗೇ ತೀರಿಸಿದ ಹಾಗೆ.

ದೊಡ್ಡ ಉದಾಹರಣೆ ಮುಂಬೈಯದು. ಅಲ್ಲಿನ ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್ ಎಂಬ ಮಾಲೀಕರ ಸಂಘ ಹಳೇ ಕಟ್ಟಡಗಳನ್ನು ಸರ್ಕಾರ ತಿಂಗಳ ಬಾಡಿಗೆಯ ನೂರು ಪಟ್ಟು ಕೊಟ್ಟು ವಶಪಡಿಸಿಕೊಳ್ಳಬಹುದು ಎಂಬ ನಿಯಮದ ವಿರುದ್ಧ 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಕರಣ ಪೀಠದಿಂದ ಪೀಠಕ್ಕೆ ಏರುತ್ತಾ ಕೊನೆಗೆ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಬಂತು. ಎಲ್ಲ ಖಾಸಗಿ ಆಸ್ತಿಯನ್ನೂ ಸಂವಿಧಾನ ಹೇಳುವ ಸಮುದಾಯದ ಸಂಪತ್ತು ಎಂದು ಗಣಿಸಲಾಗದು ಎಂಬ ಬಹುಮತದ ತೀರ್ಪು ಬಂದದ್ದು 2024ರ ನವೆಂಬರ್ 5ರಂದು. 32 ವರ್ಷ! ಶುರು ಮಾಡಿದವರಲ್ಲಿ ಎಷ್ಟೋ ಮಂದಿ ತೀರ್ಪು ನೋಡಲು ಉಳಿದಿರಲಿಕ್ಕಿಲ್ಲ, ಸಂಘ ಉಳಿಯಿತು. ಆ ಸಂಘ ಈ ಪ್ರಕರಣದಲ್ಲಿ ಹೋದದ್ದು ಕಾಗದ ಹಿಡಿದು ಕೋರ್ಟಿಗೆ, ಬಾಡಿಗೆದಾರನ ಬಾಗಿಲಿಗಲ್ಲ. ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಮಾಲೀಕರ ಸಂಘಗಳು 2020ರಲ್ಲಿ ಒಂದಾದವು. ಸದಸ್ಯರಿಗೆ ಅವರು ಕೊಡುವುದು ಕರಾರಿನ ನಮೂನೆ, ಫೋನಿನಲ್ಲಿ ಸಲಹೆ, ಹೊಸ ಮಾಲೀಕರಿಗೆ ತರಬೇತಿ. ನಮ್ಮ ಗಾಂಧಿ ಚೌಕದಲ್ಲಿ ಅಷ್ಟು ದೊಡ್ಡದು ಬೇಕಿಲ್ಲ, ಆದರೆ ಕೆಲಸದ ರೀತಿ ಅದೇ ಇರಬೇಕು.

ಒಳ್ಳೆಯ ಸಂಘ ಎಂದರೆ ನಿನ್ನ ಕರಾರನ್ನು ಕೂತು ಓದಿ ತಿದ್ದುವ ಸಂಘ. ಅದಕ್ಕೆ ಮೊದಲು ನೀನೇ ಒಂದು ಕರಡು ಬರೆದಿಡು. ಹನ್ನೊಂದು ತಿಂಗಳ ಕರಾರು ಎಂದು ಎಲ್ಲರೂ ಮಾಡುತ್ತಾರೆ. ಒಂದು ವರ್ಷ ಮೀರಿದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ, ನೋಂದಣಿ ಆಗದ ಉದ್ದದ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಹನ್ನೊಂದು. ಅವಧಿ ಮುಗಿದ ಮೇಲೆ ಹೊಸದು ಬರೆಸದೆ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳ ಬಾಡಿಗೆಯಾಗಿ ನಡೆಯುತ್ತದೆ ಎಂಬುದು ನೆನಪಿರಲಿ. ಡಿಪಾಜಿಟ್ ಎಷ್ಟು ಎಂಬುದರ ಬಗ್ಗೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಎಂದು ಮಿತಿ ಹಾಕಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡಾಗಲೇ ಜಾರಿ. ಆದರೂ ನೀನು ಎರಡೇ ತಿಂಗಳದ್ದು ತೆಗೆದುಕೊ. ಮಾಸ್ತರಿಕೆಗೆ ಹೊಸದಾಗಿ ಸೇರಿದ ಹುಡುಗ ಹತ್ತು ತಿಂಗಳ ಡಿಪಾಜಿಟ್ ಎಲ್ಲಿಂದ ತರಬೇಕು? ತೆಗೆದುಕೊಂಡದ್ದನ್ನು ಬ್ಯಾಂಕಿನಲ್ಲಿ ಬೇರೆ ಇಡು, ಖರ್ಚು ಮಾಡಬೇಡ.

ನೀರಿನ ಕಲಂ ಸ್ಪಷ್ಟ ಇರಲಿ: ನಳದ ನೀರು ಬಾರದೆ ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಎಷ್ಟು ಕೊಡಬೇಕು. ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳ ಜಗಳ ಅರ್ಧಕ್ಕರ್ಧ ಇದರ ಮೇಲೆ. ಪ್ರತಿ ಮನೆಗೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ ಇರಲಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಅವರು ತಮ್ಮ ಆಧಾರ್ ಜೋಡಿಸಿ ನೋಂದಾಯಿಸಿಕೊಳ್ಳಲು ಕರಾರಿನ ಪ್ರತಿ ಕೊಡು, ಬಿಟ್ಟು ಹೋಗುವಾಗ ಆ ಜೋಡಣೆ ತೆಗೆಸಿ ಹೋಗಲಿ. ಶೂನ್ಯ ಬಿಲ್ಲು ಬಂದ ತಿಂಗಳೂ "ಕರೆಂಟಿಂದು" ಎಂದು ದುಡ್ಡು ಎತ್ತುವ ಮಾಲೀಕರು ಇದ್ದಾರೆ. ಸರ್ಕಾರ ಬಾಡಿಗೆದಾರರಿಗೆ ಕೊಟ್ಟದ್ದನ್ನು ನಡುವೆ ಕೈ ಹಾಕಿ ತೆಗೆದುಕೊಳ್ಳುವುದು ಅದು. ನೀನು ಮಾಡಬೇಡ.

ಬೀಗದ ಕೈ ಕೊಡುವ ದಿನ ಬಾಡಿಗೆದಾರರ ಜೊತೆಗೇ ಮನೆ ತಿರುಗಾಡು. ಫೋನಿನಲ್ಲಿ ವಿಡಿಯೋ ಹಿಡಿ: ಅಡುಗೆಮನೆಯ ಕಡಪಾ ಕಲ್ಲಿನ ಮೂಲೆ, ಬಚ್ಚಲದ ನಳ, ಸ್ವಿಚ್ ಬೋರ್ಡ್, ಕಿಟಕಿಯ ಚಿಲಕ, ಮೀಟರಿನ ಅಂಕಿ. ಅದೇ ವಿಡಿಯೋ ಅವರಿಗೂ ಕಳಿಸು. ಬಿಡುವ ದಿನ ಅದನ್ನೇ ತೆರೆದು ಇಬ್ಬರೂ ನೋಡಿದರೆ ಡಿಪಾಜಿಟ್‌ನಲ್ಲಿ ಎಷ್ಟು ಮುರಿಯಬೇಕು ಎಂಬ ಮಾತೇ ಬೆಳೆಯುವುದಿಲ್ಲ. ಗೋಡೆಯ ಬಣ್ಣ ಮಾಸಿತು ಎಂದು ಕತ್ತರಿಸಬೇಡ; ಇದ್ದು ಬದುಕಿದ ಮನೆಯ ಬಣ್ಣ ಮಾಸಿಯೇ ಮಾಸುತ್ತದೆ. ಬಾಡಿಗೆ ಬ್ಯಾಂಕಿಗೆ ಬರಲಿ, ನಗದು ಕೊಟ್ಟರೆ ಅವತ್ತೇ ಪಾವತಿ ಬರೆದುಕೊಡು. ಬಾಡಿಗೆದಾರರ ವಿವರ ನಿನ್ನ ಸರಹದ್ದಿನ ಠಾಣೆಗೆ ಕೊಟ್ಟು ಸ್ವೀಕೃತಿ ಇಟ್ಟುಕೊ. ಅಂಗಡಿಯ ಕಡೆಯದಾದರೆ ಗಾಂಧಿ ಚೌಕ ಠಾಣೆ. ಆದಾಯ ತೆರಿಗೆಯಲ್ಲಿ ಬಾಡಿಗೆಯನ್ನು ಮುಚ್ಚಿಡಬೇಡ, ಕಟ್ಟಿದ ಘರಪಟ್ಟಿ ಕಳೆದು ಉಳಿದದ್ದರಲ್ಲಿ ಶೇ. 30 ದುರಸ್ತಿ ಬಾಬ್ತು ಬಿಡುತ್ತಾರೆ.

ಸಂಘ ಯಾವುದೂ ಮನಸ್ಸಿಗೆ ಬರದಿದ್ದರೆ ಅವಸರ ಮಾಡಬೇಡ. ಜಗಳ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ಗೆ ಒಯ್ಯಬಹುದು. ಅಲ್ಲಿ ಕೋರ್ಟ್ ಫೀ ಇಲ್ಲ. ಇಬ್ಬರೂ ಒಪ್ಪಿ ಆದ ರಾಜಿಗೆ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಬಾಡಿಗೆ ಬಾಕಿಯಂಥ ತಂಟೆಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ನಿನ್ನಂತೆ ಹೊಸದಾಗಿ ಮಾಳಿಗೆ ಕಟ್ಟಿಸಿದವರು ನಿಮ್ಮ ಓಣಿಯಲ್ಲೇ ಏಳು ಮಂದಿ ಸಿಕ್ಕರೂ ಸಿಗಬಹುದು. ಸಿಕ್ಕರೆ ಒಬ್ಬ ವಕೀಲರನ್ನು ಕರೆಸಿ, ಬಾಡಿಗೆದಾರರ ಪರವಾಗಿ ಒಬ್ಬರನ್ನೂ ಸಭೆಗೆ ಕರೆಯುವ ಪದ್ಧತಿ ಇಟ್ಟುಕೊಂಡು ನೀವೇ ಶುರು ಮಾಡಿ. ಬೈಲಾ ಬರೆಯುವಾಗ ನಾನು ಕೂಡುತ್ತೇನೆ.

ಸದ್ಯಕ್ಕೆ ಮಾಡಬೇಕಾದದ್ದು: ಅಂಗಡಿಯ ಅಳತೆ ತೆಗೆ, ಒಳಗಿನಿಂದಲೂ ಹೊರಗಿನಿಂದಲೂ. ನಮ್ಮಪ್ಪ ಕೊಟ್ಟ ಹಳೇ ಪಾವತಿಗಳು ಹೊಲಿಗೆಯವರ ಡ್ರಾವರಿನಲ್ಲಿ ಇವೆ, ನಮ್ಮ ಮನೆಯಲ್ಲಿ ಇಲ್ಲ. ಹೋಗಿ ಕೇಳಿ ನಕಲು ಮಾಡಿಸಿಕೊಂಡು ಬಾ, ಯಾಕೆ ಬೇಕು ಎಂಬುದನ್ನು ಅವರಿಗೆ ಮೊದಲೇ ಹೇಳು. ಮಾಳಿಗೆ ಮನೆಯ ಕರಾರಿನ ಕರಡನ್ನು ಕನ್ನಡದಲ್ಲೇ ಬರೆ, ಬಾಡಿಗೆದಾರರು ತಾವೇ ಓದಿ ಸಹಿ ಮಾಡುವಂತಿರಲಿ. ಬರುವ ರವಿವಾರ ನಾನು ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ, ಮಧ್ಯಾಹ್ನದೊಳಗೆ ಅದನ್ನು ಕೂತು ತಿದ್ದೋಣ.

ನಿನ್ನ ಕಾಕಾ